ಮುಟ್ಟಿದ್ದಕ್ಕೇ ಬೆಕ್ಕಿನ ಮರಿಗಳು ಸತ್ತವೇ? ಹುಟ್ಟಿದ ಮೊದಲ ವಾರದಲ್ಲಿ ನಿಜಕ್ಕೂ ನಡೆಯುವುದೇನು

“ಬೆಕ್ಕಿನ ಮರಿಗಳನ್ನು ಕಣ್ಣು ಬಿಡುವವರೆಗೆ ಮುಟ್ಟಬೇಡಿ. ಮನುಷ್ಯರ ಕೈವಾಸನೆ ತಗುಲಿದರೆ ತಾಯಿ ಹಾಲು ಕೊಡುವುದಿಲ್ಲ, ಮರಿಗಳನ್ನೇ ತಿಂದುಬಿಡುತ್ತದೆ.”

ಈ ಅರ್ಥದ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಒಮ್ಮೆ ಬಂದಿರಬಹುದು. ಬಂದಿಲ್ಲವೆಂದರೆ ಅಜ್ಜಿಯ ಬಾಯಲ್ಲಂತೂ ಕೇಳಿರುತ್ತೀರಿ. ಬೆಕ್ಕು ಮರಿ ಹಾಕದ ಮನೆಯಲ್ಲಿ ಇದು ಓದಿ ಮುಂದೆ ಕಳಿಸುವ ಮಾತು, ಅಷ್ಟೆ. ಆದರೆ ಅಟ್ಟದ ಮೂಲೆಯಲ್ಲಿ ನಾಲ್ಕು ಮರಿ ಹುಟ್ಟಿ, ಮೂರನೇ ದಿನ ಒಂದು, ಐದನೇ ದಿನ ಇನ್ನೊಂದು ತಣ್ಣಗೆ ಬಿದ್ದಿರುವಾಗ ಅದೇ ಮಾತು “ಯಾರು ಮುಟ್ಟಿದ್ದು?” ಎಂಬ ಪ್ರಶ್ನೆಯಾಗಿ ಬದಲಾಗುತ್ತದೆ. ಉತ್ತರವಾಗಿ ಸಿಗುವುದು ಸಾಮಾನ್ಯವಾಗಿ ಮನೆಯ ಅತಿ ಚಿಕ್ಕವರ ಹೆಸರು. ಎಂಟು ವರ್ಷದ ಮಗುವೊಂದು “ನನ್ನಿಂದಲೇ ಮರಿ ಸತ್ತಿತು” ಎಂದು ನಂಬಿ ಬೆಳೆಯುವುದು ಸಣ್ಣ ವಿಷಯವಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಮುಟ್ಟಬಾರದೆಂಬ ಈ ನಂಬಿಕೆಯೇ ಬದುಕಬಹುದಾಗಿದ್ದ ಮರಿಗಳನ್ನೂ ಸಾಯಿಸುತ್ತದೆ. ಹೇಗೆ ಎಂದು ಇಲ್ಲಿ ವಿವರಿಸುತ್ತೇವೆ.

ಕೈವಾಸನೆಗೆ ತಾಯಿ ಮರಿ ಬಿಡುತ್ತದೆಯೇ?

ಮನೆಯವರ ಜೊತೆ ಒಡನಾಟವಿರುವ ಸಾಕುಬೆಕ್ಕು ಹಾಗೆ ಮಾಡುವುದಿಲ್ಲ. ನಿಮ್ಮ ಕೈವಾಸನೆ ಅದಕ್ಕೆ ಹೊಸದಲ್ಲ. ಅದರ ತಟ್ಟೆಯಲ್ಲಿ, ಹಾಸಿಗೆಯಲ್ಲಿ, ಅದರ ಮೈಮೇಲೆಯೇ ಆ ವಾಸನೆ ಇದೆ. ತೊಳೆದ ಕೈಯಲ್ಲಿ ಮರಿಯನ್ನು ಒಂದು ನಿಮಿಷ ಎತ್ತಿ ಮತ್ತೆ ಅಲ್ಲೇ ಇಟ್ಟರೆ ತಾಯಿ ಹೆಚ್ಚೆಂದರೆ ಒಮ್ಮೆ ನೆಕ್ಕಿ ಮಲಗುತ್ತದೆ.

ಹಾಗಾದರೆ ಹಿರಿಯರು ಕಂಡದ್ದೆಲ್ಲ ಸುಳ್ಳೇ? ಹಾಗೆ ಹೇಳಲಾಗದು. ಬೆಕ್ಕು ಮರಿಗಳನ್ನು “ಏಳು ಮನೆ ತಿರುಗಿಸುತ್ತದೆ” ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಗದ್ದಲ, ಪದೇ ಪದೇ ಇಣುಕುವ ನೆಂಟರು, ಓಡಾಡುವ ನಾಯಿ, ಒದ್ದೆಯಾದ ಅಥವಾ ಹೊಲಸಾದ ಜಾಗ, ಹತ್ತಿರ ಸುಳಿಯುವ ಪರಕೀಯ ಗಂಡು ಬೆಕ್ಕು ಇವುಗಳಲ್ಲಿ ಯಾವುದಾದರೂ ಸಾಕು, ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಈ ಸಾಗಾಟದಲ್ಲಿ ತಣ್ಣನೆಯ ನೆಲದ ಮೇಲೆ ಒಂದೆರಡು ಗಂಟೆ ಉಳಿದ ಮರಿ ಸಾಯಬಹುದು. ನೋಡಿದವರಿಗೆ ಕಂಡದ್ದು “ಮುಟ್ಟಿದೆವು, ಸತ್ತಿತು” ಎಂಬುದಷ್ಟೇ. ತಾಯಿಯನ್ನು ಕಾಡಿದ್ದು ವಾಸನೆಯಲ್ಲ, ಗಲಾಟೆ.

ಮರಿ ತಿನ್ನುವ ವಿಷಯವೂ ಪೂರ್ತಿ ಕಟ್ಟುಕಥೆಯಲ್ಲ. ಸತ್ತು ಹುಟ್ಟಿದ ಅಥವಾ ಸತ್ತುಹೋದ ಮರಿಯನ್ನು ತಾಯಿ ತಿನ್ನುವುದುಂಟು. ಕೊಳೆಯುವ ವಾಸನೆಗೆ ಬೇಟೆಯ ಪ್ರಾಣಿಗಳು ಬರುವುದರಿಂದ, ಕಾಡಿನ ಬದುಕಿನಿಂದ ಬಂದ ಗುಣ ಇದೆಂದು ಹೇಳುತ್ತಾರೆ. ತೀವ್ರ ಭಯ, ಒತ್ತಡವಿದ್ದಾಗ ಜೀವಂತ ಮರಿಗೂ ಹಾಗಾಗಬಹುದು, ಆದರೆ ಅಪರೂಪ. ಬೇರೆ ಗಂಡು ಬೆಕ್ಕು ಮರಿಗಳನ್ನು ಕೊಲ್ಲುವುದು ಮಾತ್ರ ನಿಜ. ಕಣ್ಣು ಬಿತ್ತು, ಅಪಶಕುನವಾಯಿತು, ಮನೆಗೆ ಕೇಡು ಬರುತ್ತದೆ ಎನ್ನುವ ಸಂದೇಶಗಳಿಗೆ ಯಾವ ಆಧಾರವೂ ಇಲ್ಲ. ಅವುಗಳ ಮೇಲೆ ಹೆಚ್ಚು ಸಾಲು ಖರ್ಚು ಮಾಡುವುದಿಲ್ಲ.

ಎಷ್ಟು ಮರಿಗಳು ಸಾಯುತ್ತವೆ?

ಮೊದಲೇ ಯಾರೂ ಹೇಳದ ಸಂಗತಿ ಇದು. ಚೆನ್ನಾಗಿ ನೋಡಿಕೊಂಡ ಮನೆಗಳಲ್ಲೂ, ಅನುಭವವಿರುವ ತಳಿ ಸಾಕಣೆದಾರರ ಬಳಿಯೂ ಹಾಲು ಬಿಡುವುದರೊಳಗೆ ನೂರಕ್ಕೆ ಸುಮಾರು 10ರಿಂದ 30 ಮರಿಗಳು ಸಾಯುತ್ತವೆ ಎಂದು ಬೇರೆ ಬೇರೆ ಅಧ್ಯಯನಗಳು ತೋರಿಸಿವೆ. ಇದರಲ್ಲಿ ದೊಡ್ಡ ಪಾಲು ಹುಟ್ಟುವಾಗಲೇ ಸತ್ತವು ಮತ್ತು ಮೊದಲ ಒಂದೆರಡು ವಾರಗಳಲ್ಲಿ ಸತ್ತವು. ಅಂದರೆ ನಾಲ್ಕರಲ್ಲಿ ಒಂದು ಮರಿ ಹೋದರೆ ಅದು ನಿಮ್ಮ ಮನೆಗೆ ಮಾತ್ರ ಬಂದ ಶಾಪವಲ್ಲ.

ಚೆನ್ನಾಗಿಯೇ ಹುಟ್ಟಿ, ಎರಡು ದಿನ ಹಾಲು ಕುಡಿದು, ಆಮೇಲೆ ಸೊರಗಿ ಸಾಯುವುದಕ್ಕೆ ಪಶುವೈದ್ಯರು ‘ಫೇಡಿಂಗ್ ಕಿಟನ್ ಸಿಂಡ್ರೋಮ್’ ಎನ್ನುತ್ತಾರೆ. ಹೆಸರು ಕೇಳಿದರೆ ಯಾವುದೋ ಒಂದು ಕಾಯಿಲೆ ಎನಿಸುತ್ತದೆ. ಅಲ್ಲ, ಇದು ಬರೀ ಸ್ಥಿತಿಯ ವರ್ಣನೆ. ಹಿಂದಿರುವ ಕಾರಣ ಚಳಿಯಿರಬಹುದು, ಹಸಿವಿರಬಹುದು, ಸೋಂಕಿರಬಹುದು, ಸೀಳು ಅಂಗುಳದಂಥ ಹುಟ್ಟು ದೋಷವಿರಬಹುದು, ರಕ್ತದ ಗುಂಪು ಹೊಂದದಿರುವುದೂ ಇರಬಹುದು. ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ.

ನಮ್ಮ ಕೈಯಲ್ಲಿರುವುದನ್ನು ತಿಳಿಯಲು ಬೇಕಾದ ಸಾಧನ ದುಬಾರಿಯದ್ದೂ ಅಲ್ಲ. ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಆರೋಗ್ಯವಂತ ಮರಿ ಹುಟ್ಟಿದಾಗ ಸುಮಾರು 100 ಗ್ರಾಂ ತೂಗುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರುತ್ತದೆ, ಸುಮಾರು ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. 80 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮರಿಗೆ ಮೊದಲಿನಿಂದಲೇ ಅಪಾಯ ಹೆಚ್ಚು. ಮೊದಲ ದಿನ ಸ್ವಲ್ಪ ಇಳಿದರೆ ಗಾಬರಿ ಬೇಡ; ಎರಡನೇ ದಿನದ ನಂತರವೂ ಏರದಿದ್ದರೆ ಅಥವಾ ಇಳಿದರೆ ಅದೇ ಮೊದಲ ಎಚ್ಚರಿಕೆ. ಮರಿ ಕೂಗುವುದಕ್ಕಿಂತ, ಸೊರಗುವುದಕ್ಕಿಂತ ಎಷ್ಟೋ ಗಂಟೆ ಮೊದಲು ತಕ್ಕಡಿ ಹೇಳುತ್ತದೆ.

ಮರಿಯನ್ನು ಎತ್ತದೆ ತೂಕ ನೋಡುವುದು ಹೇಗೆ? ಮುಟ್ಟಬೇಡಿ ಎನ್ನುವ ಫಾರ್ವರ್ಡ್ ಮಾಡುವ ಹಾನಿ ಇದೇ. ತಾಯಿ ಊಟಕ್ಕೆ ಎದ್ದು ಹೋದ ಹೊತ್ತಿನಲ್ಲಿ, ದಿನಕ್ಕೊಮ್ಮೆ, ಒಬ್ಬರೇ ಹೋಗಿ, ಕೈ ತೊಳೆದು, ಒಂದೊಂದನ್ನೂ ಅರ್ಧ ನಿಮಿಷ ತೂಗಿ ಬರೆದಿಡಿ. ಎಲ್ಲ ಒಂದೇ ಬಣ್ಣದವಾದರೆ ಹಣೆಯ ಮೇಲಿನ ಮಚ್ಚೆಯನ್ನೋ ಬಾಲದ ತುದಿಯನ್ನೋ ಗುರುತು ಮಾಡಿಕೊಳ್ಳಿ. ಕುತ್ತಿಗೆಗೆ ದಾರ ಮಾತ್ರ ಕಟ್ಟಬೇಡಿ.

ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ

ನಮ್ಮ ಪ್ರಕಾರ ಇಡೀ ಲೇಖನದಲ್ಲಿ ಮುಂದಕ್ಕೆ ಕಳಿಸಲೇಬೇಕಾದ ಭಾಗ ಇದು.

ಹೊಸದಾಗಿ ಹುಟ್ಟಿದ ಬೆಕ್ಕಿನ ಮರಿಗೆ ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದಕ್ಕೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಇಲ್ಲ. ದೊಡ್ಡ ಬೆಕ್ಕಿನ ಮೈ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇದ್ದರೆ, ಮೊದಲ ವಾರದ ಮರಿಯದು 35ರಿಂದ 37 ಅಷ್ಟೇ. ಅದೂ ತಾಯಿಯ ಹೊಟ್ಟೆಗೆ, ಒಡಹುಟ್ಟಿದವುಗಳ ಮೈಗೆ ಅಂಟಿಕೊಂಡಿದ್ದರೆ ಮಾತ್ರ. ಗುಂಪಿನಿಂದ ಬೇರೆಯಾಗಿ ಟೈಲ್ಸ್ ನೆಲದ ಮೇಲೆ ಉರುಳಿದ ಮರಿ ಬೇಗನೆ ತಣ್ಣಗಾಗುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹಾಸಿದ ಗೋಣಿಯೂ ತೇವ ಹಿಡಿದಿರುತ್ತದೆ. ಮೊದಲ ವಾರ ಮರಿಗಳಿರುವ ಜಾಗಕ್ಕೆ ಬೇಕಾದದ್ದು ಸುಮಾರು 30-32 ಡಿಗ್ರಿ.

ಮೈ ತಣ್ಣಗಾದಾಗ ಮರಿಯ ಹೃದಯದ ಬಡಿತ ನಿಧಾನವಾಗುತ್ತದೆ, ಕರುಳಿನ ಚಲನೆ ನಿಲ್ಲುತ್ತದೆ. ಆಗ ನಾವು ಅಯ್ಯೋ ಪಾಪವೆಂದು ಇಂಕ್ ಫಿಲ್ಲರ್‌ನಲ್ಲಿ ಹಾಲು ಹಾಕಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೆಡುತ್ತದೆ, ಅಥವಾ ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. “ಹಾಲು ಕುಡಿಸಿದ ಹತ್ತು ನಿಮಿಷಕ್ಕೆ ಹೋಯಿತು” ಎನ್ನುವ ಮನೆಗಳಲ್ಲಿ ಎಷ್ಟೋ ಸಲ ಆಗಿರುವುದು ಇದೇ. ಆದ್ದರಿಂದ ಮೊದಲು ಶಾಖ, ಆಮೇಲೆ ಹಾಲು.

ಶಾಖವನ್ನೂ ಅವಸರದಲ್ಲಿ ಕೊಡಬಾರದು. ಮರಿಯನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ಎದೆಗೆ ಒತ್ತಿಟ್ಟುಕೊಳ್ಳುವುದು ತಕ್ಷಣ ಮಾಡಬಹುದಾದ ಕೆಲಸ. ನಂತರ ಬೆಚ್ಚನೆಯ ನೀರು ತುಂಬಿದ ಬಾಟಲಿಗೆ ದಪ್ಪ ಟವೆಲ್ ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಇಡಿ; ಇನ್ನೊಂದು ಬದಿ ಖಾಲಿಯಿರಲಿ, ಸೆಖೆಯಾದರೆ ತೆವಳಿ ಹೋಗಲು. ಬಿಸಿನೀರಿಗೆ ಅದ್ದುವುದು, ಹೇರ್ ಡ್ರೈಯರ್ ಹಿಡಿಯುವುದು, ಒಲೆಯ ಪಕ್ಕ ಇಡುವುದು ಬೇಡ. ಚರ್ಮ ಸುಡುತ್ತದೆ, ಇಲ್ಲವೆ ರಕ್ತಸಂಚಾರ ಏರುಪೇರಾಗಿ ಮರಿ ಕುಸಿಯುತ್ತದೆ. ಪೂರ್ತಿ ಬೆಚ್ಚಗಾಗಲು ಒಂದರಿಂದ ಮೂರು ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲೇ ಪಶುವೈದ್ಯರಿಗೆ ಫೋನ್ ಮಾಡಿ. ಮರಿ ಬೆಚ್ಚಗಾಗಿ ಬೆರಳು ಚೀಪಲು ತೊಡಗಿದರೆ ತಾಯಿಯ ಮೊಲೆಗೆ ಹಚ್ಚಿ ನೋಡಿ.

ಗಿಣ್ಣು ಹಾಲು, ಹಸುವಿನ ಹಾಲು ಮತ್ತು ರಕ್ತದ ಗುಂಪು

ಕರು ಹಾಕಿದ ಹಸುವಿನ ಗಿಣ್ಣು ಹಾಲು ನಮಗೆ ಸಿಹಿತಿಂಡಿಯಾಗಿ ಗೊತ್ತು. ಬೆಕ್ಕಿಗೂ ಗಿಣ್ಣು ಹಾಲಿದೆ, ಮತ್ತು ಮರಿಗೆ ರೋಗನಿರೋಧಕ ಶಕ್ತಿಯ ಬಹುಪಾಲು ಬರುವುದು ಅದರಿಂದಲೇ. ಹುಟ್ಟಿದ ಸುಮಾರು 16ರಿಂದ 24 ಗಂಟೆಯೊಳಗೆ ಕುಡಿದರೆ ಮಾತ್ರ ಆ ಪ್ರತಿಕಾಯಗಳು ಕರುಳಿನಿಂದ ರಕ್ತಕ್ಕೆ ಸೇರುತ್ತವೆ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಮೊದಲ ದಿನ ಎಲ್ಲ ಮರಿಗಳಿಗೂ ಮೊಲೆ ಸಿಕ್ಕಿತೇ ಎಂದು ನೋಡುವುದು ಅದಕ್ಕೇ.

ತಾಯಿಯ ಹಾಲು ಸಾಲದಿದ್ದಾಗ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವ ಸಲಹೆ ಎಲ್ಲೆಡೆ ಇದೆ. ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಪ್ರೋಟೀನ್ ಇರುತ್ತದೆ. ಅದಕ್ಕೆ ನೀರನ್ನೂ ಸೇರಿಸಿದರೆ ಮರಿಯ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ, ಜೊತೆಗೆ ಭೇದಿ. ನೂರು ಗ್ರಾಂ ಜೀವಕ್ಕೆ ಒಂದು ದಿನದ ಭೇದಿಯೂ ಹೆಚ್ಚು. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಪಶು ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಕುಡಿಸುವಾಗ ಮಗುವಿನಂತೆ ಅಂಗಾತ ಹಿಡಿಯಬೇಡಿ. ಹೊಟ್ಟೆ ಕೆಳಗೆ ಮಾಡಿ, ತಲೆ ತುಸು ಮೇಲೆತ್ತಿ, ಅದು ತಾನೇ ಚೀಪುವಷ್ಟೇ ಕೊಡಿ. ಹಾಲು ಮೂಗಿನಿಂದ ಬಂದರೆ ಅಂಗುಳ ಸೀಳಿದೆಯೇ ಎಂದು ವೈದ್ಯರಿಗೆ ತೋರಿಸಿ. ತಾಯಿ ಇಲ್ಲದ ಮರಿಗೆ ಸುಮಾರು ಮೂರು ವಾರದವರೆಗೆ ಪ್ರತಿ ಸಲ ಒದ್ದೆ ಹತ್ತಿಯಿಂದ ಒರೆಸಿ ಮಲಮೂತ್ರ ಮಾಡಿಸಬೇಕು. ಇದು ಗೊತ್ತಿಲ್ಲದೆ ಸತ್ತ ಮರಿಗಳೂ ಇವೆ.

ಇನ್ನೊಂದು ವಿಷಯ ಪರ್ಷಿಯನ್, ಬ್ರಿಟಿಷ್ ಶಾರ್ಟ್‌ಹೇರ್ ತಳಿ ಸಾಕುವವರಿಗೆ. ಬೆಕ್ಕುಗಳಲ್ಲಿ ಎ, ಬಿ, ಎಬಿ ಎಂಬ ರಕ್ತದ ಗುಂಪುಗಳಿವೆ. ಬಿ ಗುಂಪಿನ ಬೆಕ್ಕುಗಳ ರಕ್ತದಲ್ಲಿ ಎ ಗುಂಪಿನ ವಿರುದ್ಧ ಬಲವಾದ ಪ್ರತಿಕಾಯಗಳು ಸಹಜವಾಗಿಯೇ ಇರುತ್ತವೆ. ಮನುಷ್ಯರ ಆರ್‌ಎಚ್ ಸಮಸ್ಯೆ ಸಾಮಾನ್ಯವಾಗಿ ಎರಡನೇ ಬಸಿರಿಗೆ ಕಾಡಿದರೆ, ಇಲ್ಲಿ ಮೊದಲ ಹೆರಿಗೆಗೇ ಅಪಾಯ. ಬಿ ಗುಂಪಿನ ತಾಯಿಗೆ ಎ ಗುಂಪಿನ ಗಂಡಿನಿಂದ ಎ ಮರಿಗಳು ಹುಟ್ಟಿದರೆ, ಗಿಣ್ಣು ಹಾಲಿನ ಜೊತೆಗೇ ಆ ಪ್ರತಿಕಾಯಗಳು ಮರಿಯೊಳಗೆ ಹೋಗಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದಷ್ಟಪುಷ್ಟವಾಗಿ ಹುಟ್ಟಿ ಚೆನ್ನಾಗಿ ಕುಡಿದ ಮರಿಯೇ ಮೊದಲು ಸಾಯುತ್ತದೆ. ಮೂತ್ರ ಕಂದುಗೆಂಪಾಗಿರುತ್ತದೆ, ಬದುಕಿದರೆ ಬಾಲದ ತುದಿ ಒಣಗಿ ಉದುರಬಹುದು. “ಅಷ್ಟು ಚೆನ್ನಾಗಿತ್ತು, ಯಾರದೋ ಕಣ್ಣು ಬಿತ್ತು” ಎಂದು ಜನ ಹೇಳುವುದು ಇಂಥ ಸಾವಿಗೇ ಇರಬಹುದು. ಜೋಡಿ ಮಾಡಿಸುವ ಮೊದಲೇ ಎರಡೂ ಬೆಕ್ಕುಗಳ ರಕ್ತ ಪರೀಕ್ಷೆ ಮಾಡಿಸಿದರೆ ಇದನ್ನು ತಪ್ಪಿಸಬಹುದು. ಅಪಾಯ ಮೊದಲೇ ಗೊತ್ತಿದ್ದರೆ ಮೊದಲ 24 ಗಂಟೆ ಮರಿಗಳಿಗೆ ಆ ತಾಯಿಯ ಹಾಲು ಕೊಡದೆ ಬೇರೆ ಹಾಲು ಕುಡಿಸುತ್ತಾರೆ.

ಹಾಲು ಅನ್ನದ ಬೆಕ್ಕು

ನಮ್ಮ ಬಹಳ ಮನೆಗಳಲ್ಲಿ ಬೆಕ್ಕಿನ ಊಟ ಎಂದರೆ ಹಾಲು ಅನ್ನ, ಮೊಸರನ್ನ. ಇಲಿ ಹಿಡಿದು ತಿನ್ನುತ್ತಿದ್ದ ಕಾಲದಲ್ಲಿ ಅದು ನಡೆದುಹೋಗುತ್ತಿತ್ತು. ಫ್ಲಾಟಿನೊಳಗೇ ಬೆಳೆದ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು. ಅದು ಸಾಕಷ್ಟು ಇರುವುದು ಮಾಂಸ, ಮೀನಿನಲ್ಲಿ. ಬಸಿರು ಬೆಕ್ಕಿಗೆ ಇದರ ಕೊರತೆಯಾದರೆ ಗರ್ಭ ಇಳಿಯಬಹುದು, ಮರಿಗಳು ಸತ್ತು ಹುಟ್ಟಬಹುದು, ತೀರಾ ಸಣ್ಣವಾಗಿ ಹುಟ್ಟಬಹುದು. ಮನೆಯಲ್ಲಿ ಮಾಂಸ ಮಾಡದವರು ಬಸಿರು ಮತ್ತು ಬಾಣಂತಿ ಬೆಕ್ಕಿಗೆ ಮರಿಗಳಿಗೆಂದು ಮಾರುವ ಸಿದ್ಧ ಆಹಾರವನ್ನಾದರೂ ಕೊಡುವುದು ಒಳ್ಳೆಯದು. ಬೆಕ್ಕು ಸಾಕುವ ಸಸ್ಯಾಹಾರಿ ಸ್ನೇಹಿತರಿಗೆ ಈ ಮಾತು ರುಚಿಸುವುದಿಲ್ಲವೆಂದು ಗೊತ್ತು. ಬೆಕ್ಕಿನ ದೇಹಕ್ಕೆ ನಮ್ಮ ಆಚಾರ ಗೊತ್ತಿಲ್ಲ.

ಅದೇ ರೀತಿ, ಸ್ವಚ್ಛತೆ ಎಂದು ಮರಿಗಳಿರುವ ಜಾಗವನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪ್ಯಾರಸಿಟಮಾಲ್‌ನದ್ದೂ ಇದೇ ಕಥೆ: ತಾಯಿಗೆ ಜ್ವರವೆಂದು ಒಂದು ಮಾತ್ರೆ ಕೊಟ್ಟರೆ ತಾಯಿಯೇ ಸಾಯಬಹುದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಹನಿಗಳನ್ನು ಬೆಕ್ಕಿನ ಚಿಗಟಕ್ಕೆ ಹಾಕುವುದೂ ಅಷ್ಟೇ ಅಪಾಯ. ಸೋಪು ನೀರು, ಒಣ ಹಳೆ ಬಟ್ಟೆ ಸಾಕು.

ಉಸಿರಾಡದೆ ಹುಟ್ಟಿದ ಮರಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಕೆಳಗಾಗಿ ಜೋರಾಗಿ ಬೀಸುವ ವಿಡಿಯೊಗಳೂ ಹರಿದಾಡುತ್ತವೆ. ಹಿಂದೆ ಇದನ್ನು ಕಲಿಸುತ್ತಿದ್ದದ್ದು ನಿಜ. ಮಿದುಳಿಗೆ ಪೆಟ್ಟಾಗುವುದರಿಂದ ಈಗ ವೈದ್ಯರು ಬೇಡ ಎನ್ನುತ್ತಾರೆ. ಮುಖದ ಪೊರೆ ತೆಗೆದು, ಬಾಯಿ ಮೂಗು ಒರೆಸಿ, ಒಣ ಟವೆಲಿನಿಂದ ಬೆನ್ನು ಎದೆ ಚುರುಕಾಗಿ ಉಜ್ಜುವುದೇ ಸರಿಯಾದ ದಾರಿ. ತಾಯಿ ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬರದಿದ್ದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೊರಡಿ.

ಸತ್ತ ಮೇಲೆ

ಸತ್ತ ಮರಿಯನ್ನು ತಾಯಿಯ ಕಣ್ಣು ತಪ್ಪಿಸಿ ತೆಗೆದುಬಿಡುವ ರೂಢಿ ನಮ್ಮಲ್ಲಿದೆ. ಸ್ವಲ್ಪ ಹೊತ್ತು ಮೂಸಲು ಬಿಟ್ಟು ಆಮೇಲೆ ತೆಗೆಯಿರಿ. ಕೆಲವು ತಾಯಂದಿರು ಹಾಗಾದಾಗ ಕಡಿಮೆ ಹುಡುಕುತ್ತವೆ ಎನ್ನುವುದು ಸಾಕಿದವರ ಅನುಭವ. ಒಂದೆರಡು ದಿನ ಮನೆಯೆಲ್ಲ ಕೂಗಿಕೊಂಡು ತಿರುಗುವುದು ಸಹಜ. ಎಲ್ಲ ಮರಿಗಳೂ ಹೋಗಿದ್ದರೆ ಅದರ ಮೊಲೆಗಳನ್ನು ದಿನಾ ನೋಡಿ. ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ಸುಡುವಂತಿದ್ದರೆ ಸೋಂಕು, ವೈದ್ಯರಿಗೆ ತೋರಿಸಬೇಕು. ಹಾಲು ಹಿಂಡಿ ತೆಗೆಯಬೇಡಿ. ಹಿಂಡಿದಷ್ಟೂ ಮತ್ತೆ ತುಂಬುತ್ತದೆ. ಹತ್ತಿರದಲ್ಲಿ ಎಲ್ಲಾದರೂ ತಾಯಿ ಇಲ್ಲದ ಮರಿ ಇದ್ದರೆ ಇಂಥ ತಾಯಿ ಅದನ್ನು ಒಪ್ಪಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ.

ಎರಡನೇ ಸಲವೂ ಹೀಗಾದರೆ, ಅಥವಾ ಒಂದರ ಹಿಂದೆ ಒಂದು ಸಾಯುತ್ತಿದ್ದರೆ, ಮರಣೋತ್ತರ ಪರೀಕ್ಷೆಯ ಬಗ್ಗೆ ಕೇಳಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ದೇಹವನ್ನು ತಣ್ಣಗಿಡಬೇಕು, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಬಾರದು. ಫ್ರಿಜ್‌ನಲ್ಲಿಡಲು ಮನೆಯವರು ಒಪ್ಪುವುದಿಲ್ಲ, ಅದು ಅರ್ಥವಾಗುವಂಥದ್ದೇ. ಐಸ್ ಹಾಕಿದ ಥರ್ಮಾಕೋಲ್ ಡಬ್ಬಿ ಸಾಕು. ಪರೀಕ್ಷೆ ಮಾಡಿದರೂ ಕಾರಣ ಸಿಗದೆ ಹೋಗಬಹುದು. ಸಿಕ್ಕರೆ ಮಾತ್ರ ಉಳಿದ ಮರಿಗಳಿಗೆ ಕೂಡಲೇ ಉಪಯೋಗ.

ಇನ್ನು ಮನುಷ್ಯರ ದುಃಖ. “ಒಂದು ಬೆಕ್ಕಿನ ಮರಿಗೆ ಇಷ್ಟೊಂದು ಅಳಬೇಕಾ?” ಎಂಬ ಮಾತು ಕೇಳದವರಿಲ್ಲ. ಸುತ್ತಲಿನವರು ದುಃಖವೆಂದೇ ಒಪ್ಪದ ದುಃಖ ಒಂದಿದೆ ಎಂದು ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಒಂದು ಪುಸ್ತಕದಲ್ಲಿ ವಿವರಿಸಿದರು. ಸಾಕುಪ್ರಾಣಿಯ ಸಾವು ಅದಕ್ಕೆ ಕೊಡುವ ಸಾಮಾನ್ಯ ಉದಾಹರಣೆ. ಎರಡು ಗಂಟೆಗೊಮ್ಮೆ ಅಲಾರಂ ಇಟ್ಟು ಹಾಲು ಕುಡಿಸಿದವರ ಕೈಯಲ್ಲೇ ಮರಿ ಹೋದಾಗ ನಿದ್ದೆಗೇಡು, ಸುಸ್ತು, “ಆಗಲೇ ಆಸ್ಪತ್ರೆಗೆ ಒಯ್ಯಬೇಕಿತ್ತು” ಎಂಬ ಕೊರಗು ಎಲ್ಲ ಒಟ್ಟಿಗೆ ಬೀಳುತ್ತವೆ. ತೂಕ ಬರೆದಿಟ್ಟ ಚೀಟಿ ಇಲ್ಲೂ ಕೆಲಸಕ್ಕೆ ಬರುತ್ತದೆ: ಹುಟ್ಟಿದಾಗಲೇ 70 ಗ್ರಾಂ ಇದ್ದ ಮರಿ ಎಂದು ಅದರಲ್ಲಿ ಬರೆದಿದ್ದರೆ, ಅದು ಯಾರ ಕೈತಪ್ಪೂ ಅಲ್ಲ ಎಂದು ಮನೆಯವರಿಗೆಲ್ಲ ಕಾಣುತ್ತದೆ. ಮಕ್ಕಳಿಗೆ “ಬೆಕ್ಕು ಬೇರೆ ಮನೆಗೆ ಒಯ್ದಿತು” ಎಂದು ಸುಳ್ಳು ಹೇಳುವುದಕ್ಕಿಂತ, ಮರಿ ಬಹಳ ಸಣ್ಣದಿತ್ತು, ಬದುಕಲಾಗಲಿಲ್ಲ, ನೀನು ಮುಟ್ಟಿದ್ದರಿಂದ ಅಲ್ಲ ಎಂದು ಹೇಳಿ. ಆ ಕೊನೆಯ ಭಾಗವನ್ನು, ಮಗು ಕೇಳದಿದ್ದರೂ ಹೇಳಿ.

ಮರಿ ಮಾರಲೆಂದು ಸಾಕುವವರಿಗೆ ಒಂದು ಮಾತು. ಮುಂಗಡ ತೆಗೆದುಕೊಂಡ ಮರಿ ಸತ್ತಾಗ, ಬೇಗ ಇನ್ನೊಂದು ಸೂಲು ಮಾಡಿಸಿ ಲೆಕ್ಕ ಸರಿದೂಗಿಸುವ ಆಸೆ ಬರುತ್ತದೆ. 2017ರ ಕೇಂದ್ರದ ತಳಿ ಸಾಕಣೆ ನಿಯಮಗಳು ನಾಯಿಗಳಿಗೆ ಮಾತ್ರ ಆದ್ದರಿಂದ, ಆ ನಿಯಮಗಳಡಿ ನಿಮ್ಮನ್ನು ತಡೆಯುವವರಿಲ್ಲ. ಮರಿ ಕಳೆದುಕೊಂಡ ಬೆಕ್ಕು ಕೆಲವೇ ವಾರಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಅಂದರೆ ಅದರ ಮೈ ಸಿದ್ಧವಾಗಿದೆ ಎಂದಲ್ಲ. ತೂಕ ಮರಳಲಿ, ಲಸಿಕೆಗಳನ್ನು ಬಸಿರಿಗೆ ಮೊದಲೇ ಮುಗಿಸಿ, ರಕ್ತದ ಗುಂಪು ನೋಡಿಸಿ. ಎರಡು ಸೂಲಿನಲ್ಲೂ ಮರಿಗಳು ಉಳಿಯದಿದ್ದರೆ ಆ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಬಗ್ಗೆ ವೈದ್ಯರೊಡನೆ ಮಾತಾಡಿ. ಅಲ್ಲಿಯವರೆಗೆ ಅದನ್ನು ಒಳಗೇ ಇಟ್ಟುಕೊಳ್ಳಿ, ಬಾಲ್ಕನಿಯ ಬಾಗಿಲು ಸೇರಿದಂತೆ. ಬೀದಿಯ ಗಂಡು ಬೆಕ್ಕು ನಿಮ್ಮ ತೀರ್ಮಾನಕ್ಕೆ ಕಾಯುವುದಿಲ್ಲ.